ಒಂದೇ ಆದೇಶ: ಒಬ್ಬನಿಗೆ 3 ದಿನ, ಇನ್ನೊಬ್ಬನಿಗೆ 66 ದಿನ

ಮೇ ತಿಂಗಳ ಮಧ್ಯದಲ್ಲಿ ಕರಾವಳಿಯ ಒಂದು ಮ್ಯಾಜಿಸ್ಟ್ರೇಟ್ ನ್ಯಾಯಾಲಯವು ಒಂದೇ ಕಳವು ಪ್ರಕರಣದ ಇಬ್ಬರು ಆರೋಪಿಗಳಿಗೆ ಒಂದೇ ಆದೇಶದಲ್ಲಿ, ಒಂದೇ ಷರತ್ತುಗಳ ಮೇಲೆ ಜಾಮೀನು ನೀಡಿತು. ಮೊದಲ ಆರೋಪಿ ಊರಿನವನೇ. ಅವನ ಸೋದರಮಾವ ಮರುದಿನವೇ ಹತ್ತು ಸೆಂಟ್ಸ್ ಜಾಗದ ಪಹಣಿ ಹಿಡಿದುಕೊಂಡು ನ್ಯಾಯಾಲಯಕ್ಕೆ ಬಂದರು, ಮೂರನೆಯ ದಿನ ಅವನು ಮನೆಯಲ್ಲಿದ್ದ. ಎರಡನೆಯ ಆರೋಪಿ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಿಂದ ಮೀನುಗಾರಿಕಾ ಬಂದರಿಗೆ ಹೊರೆ ಹೊರಲು ಬಂದಿದ್ದ, ಇಪ್ಪತ್ತನಾಲ್ಕು ವರ್ಷದ ಕೂಲಿಯಾಳು. ಅವನು ಹೊರಬಂದದ್ದು 66ನೇ ದಿನ ಬೆಳಿಗ್ಗೆ. ಈ ಇಬ್ಬರ ನಡುವಿನ 63 ದಿನಗಳ ಅಂತರ ಹೇಗೆ ಹುಟ್ಟಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕಾನೂನು ನೆರವಿನ ಕೆಲಸದಲ್ಲಿ ಸ್ವಯಂಸೇವಕಿಯಾಗಿ ಕಾರಾಗೃಹಕ್ಕೆ ಹೋಗಿಬರುವ ನಾನು ಈ ಪ್ರಕರಣದ ಕೊನೆಯ 45 ದಿನಗಳನ್ನು ಹತ್ತಿರದಿಂದ ಕಂಡಿದ್ದೇನೆ, ಅದಕ್ಕೂ ಹಿಂದಿನದನ್ನು ಕಾಗದಪತ್ರಗಳಿಂದಲೂ ಆ ಹುಡುಗನ ಮಾತಿನಿಂದಲೂ ತಿಳಿದಿದ್ದೇನೆ. ಅವನ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಂದರು ಮಂಗಳೂರಿನ ದಕ್ಕೆಯೋ ಮಲ್ಪೆಯೋ ಗಂಗೊಳ್ಳಿಯೋ, ಕಾರಾಗೃಹ ಕೊಡಿಯಾಲ್‌ಬೈಲಿನದೋ ಹಿರಿಯಡ್ಕದ ಕಡೆಯದೋ ಎಂಬುದನ್ನು ಹೇಳುವುದಿಲ್ಲ. ಇದು ಒಂದು ಕಚೇರಿಯ ದೋಷವಾಗಿದ್ದರೆ ಸರಿಪಡಿಸುವುದು ಸುಲಭವಿತ್ತು. ಇಲ್ಲಿ ಯಾರೂ ಅವನನ್ನು ಹೊಡೆಯಲಿಲ್ಲ, ಯಾರೂ ಲಂಚ ಕೇಳಲಿಲ್ಲ, ಬಹುಪಾಲು ಎಲ್ಲರೂ ತಮ್ಮ ಮೇಜಿನ ಮೇಲಿನ ಕೆಲಸವನ್ನು ಮಾಡಿದರು. ಆದರೂ ನ್ಯಾಯಾಲಯವೇ ಬಿಡಬಹುದು ಎಂದ ಮನುಷ್ಯ ಎರಡು ತಿಂಗಳಿಗೂ ಮೀರಿ ಒಳಗೆ ಉಳಿದ.

ಆರೋಪ ದೊಡ್ಡದೇನಲ್ಲ. ದಡಕ್ಕೆ ಕಟ್ಟಿದ್ದ ಬೋಟಿನಿಂದ ಎರಡು ಬ್ಯಾಟರಿ ಮತ್ತು ಒಂದು ಜಿಪಿಎಸ್ ಉಪಕರಣ ಕಳುವಾಗಿದ್ದವು, ಪೊಲೀಸರು ಕಟ್ಟಿದ ಒಟ್ಟು ಮೌಲ್ಯ 38,000 ರೂಪಾಯಿ. ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನ ಪ್ರಕಾರ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ. ಅವನು ಕದ್ದನೋ ಇಲ್ಲವೋ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗಬೇಕಾದ ವಿಷಯ, ಅದರ ಬಗ್ಗೆ ನಾನು ಏನನ್ನೂ ಹೇಳಲಾರೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅನಿವಾರ್ಯವೇ ಎಂಬುದಕ್ಕೆ ಪೊಲೀಸರು ಕಾರಣ ಬರೆದು ದಾಖಲಿಸಬೇಕು, ಇಲ್ಲವಾದರೆ ಹಾಜರಾಗುವಂತೆ ನೋಟಿಸು ಕೊಟ್ಟರೆ ಸಾಕು ಎಂದು ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದೇ ನಿಯಮ ಇಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿದೆ. ಇವನ ಬಂಧನಕ್ಕೆ ಬರೆದ ಕಾರಣ ಒಂದೇ ಸಾಲು: ಆರೋಪಿಗೆ ಖಾಯಂ ವಿಳಾಸವಿಲ್ಲ, ತಲೆಮರೆಸಿಕೊಳ್ಳುವ ಸಾಧ್ಯತೆಯಿದೆ. ಅವನಿಗೆ ವಿಳಾಸವಿತ್ತು. ಆ ವಿಳಾಸವನ್ನು ಹೊತ್ತ ಆಧಾರ್ ಕಾರ್ಡು ಕೂಲಿಗಳ ಶೆಡ್ಡಿನಲ್ಲಿ ಒಂದು ತಗಡಿನ ಪೆಟ್ಟಿಗೆಯೊಳಗಿತ್ತು, ಶೆಡ್ಡಿನ ಬೀಗದ ಕೈ ಮೇಸ್ತ್ರಿಯ ಬಳಿ ಇತ್ತು.

ಆ ಮೇಸ್ತ್ರಿಯ ಫೋನ್ ನಂಬರು ಈ ಪ್ರಕರಣದಲ್ಲಿ ಇನ್ನೂ ಒಂದು ಕೆಡುಕು ಮಾಡಿತು. ಬಂಧಿಸಿದ ಸಂಗತಿಯನ್ನು ಬಂಧಿತನ ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಲೇಬೇಕು ಎಂದು ಕಾನೂನಿದೆ. ಹುಡುಗನ ಮೊಬೈಲು ಪೊಲೀಸರ ವಶದಲ್ಲಿತ್ತು, ಅಣ್ಣನ ನಂಬರು ಅವನಿಗೆ ಬಾಯಿಪಾಠವಿರಲಿಲ್ಲ. ನಮ್ಮಲ್ಲಿ ಎಷ್ಟು ಜನಕ್ಕೆ ಮನೆಯವರ ನಂಬರು ನೆನಪಿನಲ್ಲಿದೆ? ಅವನಿಗೆ ನೆನಪಿದ್ದದ್ದು ಕೂಲಿ ಕೊಡುವವನ ನಂಬರು ಮಾತ್ರ. ಬಂಧನದ ಕಾಗದದಲ್ಲಿ 'ಸ್ನೇಹಿತ' ಎಂಬಲ್ಲಿ ಅದನ್ನೇ ಬರೆದುಕೊಂಡರು. ಮೇಸ್ತ್ರಿ ಒಂದು ಸಲ ಫೋನ್ ಎತ್ತಿ ಸರಿ ಎಂದ, ಎರಡನೆಯ ಸಲದಿಂದ ಎತ್ತಲಿಲ್ಲ. ಇವನಿಗೆ ಎರಡು ತಿಂಗಳ ಕೂಲಿಯನ್ನು ಅವನು ಬಾಕಿ ಇಟ್ಟುಕೊಂಡಿದ್ದ ಎಂಬುದನ್ನೂ ಇಲ್ಲಿ ಬರೆಯಬೇಕು. ಕಾಗದದ ಮಟ್ಟಿಗೆ ಕಾನೂನು ಪಾಲನೆಯಾಯಿತು, ಕೊಪ್ಪಳದ ಮನೆಗೆ ಮಾತ್ರ ಸುದ್ದಿಯೇ ಮುಟ್ಟಲಿಲ್ಲ.

ಬಂಧನದ 35ನೇ ದಿನ ಉಚಿತ ಕಾನೂನು ನೆರವಿನ ವಕೀಲರ ಅರ್ಜಿಯ ಮೇಲೆ ಜಾಮೀನು ಸಿಕ್ಕಿತು. ಷರತ್ತುಗಳು ಹೀಗಿದ್ದವು: 50,000 ರೂಪಾಯಿಯ ಮುಚ್ಚಳಿಕೆ (ಷರತ್ತು ಮುರಿದರೆ ಅಷ್ಟು ಹಣ ಕಟ್ಟುತ್ತೇನೆಂದು ಬರೆದುಕೊಡುವ ಪತ್ರ) ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಜಾಮೀನುದಾರ, ಪ್ರತಿ ಭಾನುವಾರ ಠಾಣೆಯಲ್ಲಿ ಸಹಿ, ನ್ಯಾಯಾಲಯದ ಅನುಮತಿಯಿಲ್ಲದೆ ಜಿಲ್ಲೆ ಬಿಟ್ಟು ಹೋಗಬಾರದು. ಮೊದಲ ಆರೋಪಿಯ ಪಾಲಿಗೆ ಇವು ಸಾಮಾನ್ಯ ಷರತ್ತುಗಳು. ಎರಡನೆಯವನ ಪಾಲಿಗೆ ಇವು ಪಾಲಿಸಲಾಗದವು. ಜಾಗವಿರುವ ಒಬ್ಬ ಪರಿಚಯಸ್ಥನೂ ಇಲ್ಲದ ಊರಿನಲ್ಲಿ ಅವನು ಜಾಮೀನುದಾರನನ್ನು ಹುಡುಕಬೇಕಿತ್ತು. ಹೊರಬಂದರೂ ಮಲಗಲು ಜಾಗವಿಲ್ಲದ ಜಿಲ್ಲೆಯಲ್ಲೇ ಉಳಿಯಬೇಕಿತ್ತು. ಜಾಮೀನು ಆದೇಶ ಬರೆಯುವಾಗ ಇವನ ಮನೆ ಎಲ್ಲಿ, ಇವನ ಪರವಾಗಿ ಯಾರು ನಿಲ್ಲಬಲ್ಲರು ಎಂದು ಯಾರೂ ಕೇಳಲಿಲ್ಲ. ನಮ್ಮ ವಕೀಲರೂ ಅದನ್ನು ನ್ಯಾಯಾಲಯದ ಗಮನಕ್ಕೆ ತರಲಿಲ್ಲ. ಮುಚ್ಚಳಿಕೆಯ ಮೊತ್ತವನ್ನು ಪ್ರಕರಣದ ಸನ್ನಿವೇಶ ನೋಡಿ ನಿಗದಿ ಮಾಡಬೇಕು, ಅದು ವಿಪರೀತವಾಗಿರಬಾರದು ಎಂದು ಸುರಕ್ಷಾ ಸಂಹಿತೆಯ 484ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆ ಒಂದು ಪ್ರಶ್ನೆಯನ್ನು ಅಂದೇ ಕೇಳಿದ್ದರೆ ಮುಂದಿನದೆಲ್ಲ ಬೇಕಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಕರಾವಳಿಗೆ ವಿಶೇಷವಾದ ಒಂದು ಸಂಗತಿ ಇಲ್ಲಿ ಸೇರಿಕೊಂಡಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೇ ಕೊನೆಯ ವಾರದಲ್ಲೇ ಬೋಟುಗಳು ಒಂದೊಂದಾಗಿ ದಡ ಸೇರುತ್ತವೆ, ಬಲೆಗಳು ಶೆಡ್ಡಿಗೆ ಹೋಗುತ್ತವೆ, ಒಡಿಶಾ, ಜಾರ್ಖಂಡ್ ಮತ್ತು ಉತ್ತರ ಕರ್ನಾಟಕದ ಕೂಲಿಯಾಳುಗಳು ಬಸ್ಸು, ರೈಲು ಹಿಡಿದು ಊರಿಗೆ ಹೊರಡುತ್ತಾರೆ. ಇವನ ಜೊತೆ ಒಂದೇ ಶೆಡ್ಡಿನಲ್ಲಿ ಮಲಗುತ್ತಿದ್ದ ಹನ್ನೊಂದು ಜನರೂ ಹೋದರು. ಯಾರಾದರೂ ಒಬ್ಬರು ಅವನ ಊರಿಗೆ ಸುದ್ದಿ ಮುಟ್ಟಿಸಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಅವರಲ್ಲಿ ಕೊಪ್ಪಳದವರು ಇರಲಿಲ್ಲ, ಕಳವಿನ ಪ್ರಕರಣದಲ್ಲಿ ತಮ್ಮ ಹೆಸರೂ ಬಂದೀತೆಂಬ ಹೆದರಿಕೆ ಎಲ್ಲರಿಗೂ ಇತ್ತು.

ಜಾಮೀನು ಸಿಕ್ಕ 21ನೇ ದಿನ ನಾನು ಕಾರಾಗೃಹದ ಕಾನೂನು ನೆರವು ಕೊಠಡಿಯಲ್ಲಿ ಬೇರೊಬ್ಬರ ಅರ್ಜಿ ಬರೆಯುತ್ತಿದ್ದೆ. ಇವನು ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದು, ಸರದಿ ಬಂದಾಗ ಕೇಳಿದ: "ಅಕ್ಕಾರ, ಬೇಲ್ ಆಗೇತಂತ ಅವತ್ತ ಹೇಳಿದ್ರು. ನನ್ನ ಜೋಡಿ ಇದ್ದಾಂವ ಹೋದ. ನನ್ನ ಯಾಕ ಬಿಡವಲ್ರು?" ಮೂರು ವಾರಗಳ ಕಾಲ ಅವನಿಗೆ ಈ ಪ್ರಶ್ನೆಗೆ ಉತ್ತರ ಕೊಟ್ಟವರಿರಲಿಲ್ಲ. ಜಾಮೀನು ಎಂದರೆ ಬಿಡುಗಡೆ ಎಂದೇ ಅವನು ತಿಳಿದಿದ್ದ. ತನ್ನನ್ನು ಮಾತ್ರ ಉಳಿಸಿಕೊಂಡಿರುವುದಕ್ಕೆ ತಾನು ಪರಊರಿನವನಾಗಿರುವುದೇ ಕಾರಣವೆಂದು ಅವನಿಗೆ ಅನ್ನಿಸಿತ್ತು. ಅವನ ಊಹೆ ಪೂರ್ತಿ ತಪ್ಪಾಗಿರಲೂ ಇಲ್ಲ.

ಈ ಮೂರು ವಾರಗಳು ಖಾಲಿ ಹೋಗಬಾರದಿತ್ತು. ಸುಪ್ರೀಂ ಕೋರ್ಟು 2023ರ ಜನವರಿ 31ರಂದು ನೀಡಿದ ನಿರ್ದೇಶನಗಳು ಇಂಥ ಸ್ಥಿತಿಗಾಗಿಯೇ ಇರುವಂಥವು. ಜಾಮೀನು ನೀಡಿದ ನ್ಯಾಯಾಲಯ ಅದೇ ದಿನ ಅಥವಾ ಮರುದಿನ ಆದೇಶದ ಪ್ರತಿಯನ್ನು ಕಾರಾಗೃಹದ ಅಧೀಕ್ಷಕರಿಗೆ ಇ-ಮೇಲ್ ಮಾಡಬೇಕು. ಏಳು ದಿನಗಳೊಳಗೆ ಕೈದಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಪ್ರಾಧಿಕಾರವು ಸ್ವಯಂಸೇವಕರನ್ನೋ ವಕೀಲರನ್ನೋ ಕಳಿಸಿ ಅವನಿಗೆ ನೆರವಾಗಬೇಕು, ಅಗತ್ಯವಿದ್ದರೆ ಅವನ ಆರ್ಥಿಕ ಸ್ಥಿತಿಯ ವರದಿಯನ್ನು ನ್ಯಾಯಾಲಯದ ಮುಂದಿಡಬಹುದು. ಒಂದು ತಿಂಗಳಾದರೂ ಮುಚ್ಚಳಿಕೆ ಸಲ್ಲಿಕೆಯಾಗದಿದ್ದರೆ ನ್ಯಾಯಾಲಯವೇ ಸ್ವತಃ ಪ್ರಕರಣವನ್ನು ಕೈಗೆತ್ತಿಕೊಂಡು ಷರತ್ತು ಸಡಿಲಿಸಬಹುದೇ ಎಂದು ನೋಡಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವೇ ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಸಂದರ್ಭಗಳಲ್ಲಿ ಆ ಷರತ್ತು ಹಾಕದಿರಬಹುದು ಎಂಬ ಮಾತೂ ಅದರಲ್ಲಿದೆ.

ಇವನ ವಿಷಯದಲ್ಲಿ ಆದೇಶದ ಇ-ಮೇಲ್ ಎರಡನೆಯ ದಿನವೇ ಬಂದಿತ್ತು. ಬಂದದ್ದನ್ನು ದಾಖಲಿಸಿಯೂ ಆಗಿತ್ತು. ಏಳನೆಯ ದಿನದ ತಿಳಿವಳಿಕೆ ಪತ್ರ ಮಾತ್ರ ಹೊರಡಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆದೇಶ ಬಂದ ದಿನಾಂಕವನ್ನು ಬರೆದುಕೊಳ್ಳುವವರಿದ್ದರು, ಆ ದಿನಾಂಕದಿಂದ ಏಳು ದಿನ ಎಣಿಸುವುದು ಮಾತ್ರ ಯಾರೊಬ್ಬರ ಹೆಸರಿಗೂ ಹಂಚಿಕೆಯಾದ ಕೆಲಸವಾಗಿರಲಿಲ್ಲ. ಕೈದಿಗಳ ಸಂಖ್ಯೆಗೆ ಸಿಬ್ಬಂದಿ ಸಾಲದ ಜಾಗದಲ್ಲಿ ಹಂಚಿಕೆಯಾಗದ ಕೆಲಸ ಆಗದು. ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇಲ್ಲಿದೆ.

ಆ ದಿನಗಳಲ್ಲಿ ಅವನ ಸ್ಥಿತಿ ಹೇಗಿತ್ತೆಂಬುದನ್ನೂ ಹೇಳಬೇಕು. ವಿಚಾರಣಾಧೀನ ಕೈದಿ ತನ್ನದೇ ಬಟ್ಟೆ ತೊಡುತ್ತಾನೆ, ಇವನ ಬಳಿ ಇದ್ದದ್ದು ಎರಡು ಜೊತೆ. ಜೂನಿನ ಮಳೆಯಲ್ಲಿ ಒಗೆದದ್ದು ಒಣಗದು, ಒದ್ದೆ ಬಟ್ಟೆಯನ್ನೇ ಹಾಕಿಕೊಂಡು ಕಿಕ್ಕಿರಿದ ಬ್ಯಾರಕಿನಲ್ಲಿ ಮಲಗಿ ತೊಡೆಸಂದಿಗೆ ಕಜ್ಜಿ ಹತ್ತಿತ್ತು. ವೈದ್ಯರು ಮುಲಾಮು ಕೊಟ್ಟಿದ್ದರು, ಬಟ್ಟೆ ಒಣಗದೆ ಮುಲಾಮು ಏನು ಮಾಡೀತು? ಜೋಳದ ರೊಟ್ಟಿಯ ಹೊಟ್ಟೆಗೆ ದಪ್ಪಕ್ಕಿಯ ಅನ್ನ ಒಗ್ಗದೆ ಅವನು ಸೊರಗಿದ್ದ. ಸುತ್ತಲಿನವರ ಮಾತು ಹೆಚ್ಚಾಗಿ ತುಳು ಇಲ್ಲವೇ ಬ್ಯಾರಿ, ಅವನಿಗೆ ಎರಡೂ ತಿಳಿಯದು. ಕನ್ನಡಿಗನೊಬ್ಬ ಕರ್ನಾಟಕದೊಳಗೇ ಹೀಗೆ ಪರದೇಶಿಯಾಗಬಹುದು ಎಂಬುದು ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಅಲ್ಲಿಯವರೆಗೆ ಮನಸ್ಸಿಗೆ ಬಂದಿರಲಿಲ್ಲ. ಮನೆಯವರ ಭೇಟಿಯಿಲ್ಲ, ಫೋನಿಗೆ ನಂಬರಿಲ್ಲ, ಕ್ಯಾಂಟೀನಿನ ಖಾತೆಯಲ್ಲಿ ಹಣವಿಲ್ಲ. ಒಂದು ಸೋಪು ಬೇಕಾದರೂ ಬೇರೊಬ್ಬರನ್ನು ಕೇಳಬೇಕು.

ಒಳಗಿನವರು ಅವನಿಗೆ ಎರಡು ದಾರಿ ತೋರಿಸಿದ್ದರು. ಒಂದು, ಹಣ ಪಡೆದು ಜಾಮೀನುದಾರರನ್ನು ಒದಗಿಸುವ ಮಧ್ಯವರ್ತಿ. ಅವನ ದರ 8,000 ರೂಪಾಯಿ ಎಂದು ಹೇಳಿದ್ದರಂತೆ. ಎರಡನೆಯದು, ತಪ್ಪೊಪ್ಪಿಗೆ. ಬಂಧನದಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯಲು ಕಾನೂನಿನಲ್ಲಿ ಅವಕಾಶವಿದೆ. ಆದ್ದರಿಂದ 'ಒಪ್ಪಿಕೊಂಡರೆ ಇಷ್ಟು ದಿನ ಕೂತದ್ದೇ ಶಿಕ್ಷೆ ಎಂದು ಬಿಟ್ಟಾರು' ಎಂಬ ಸಲಹೆ ಜೈಲಿನಲ್ಲಿ ಸಾಮಾನ್ಯ, ಎಷ್ಟೋ ಸಲ ಅದು ನಿಜವೂ ಆಗುತ್ತದೆ. ನಾನು ಹೋದ ದಿನ ಅವನು ಅರ್ಧ ಮನಸ್ಸು ಮಾಡಿದ್ದ. ಕದ್ದಿದ್ದೀಯಾ ಎಂದು ನಾನು ಕೇಳಲಿಲ್ಲ, ಅದು ನನ್ನ ಕೆಲಸವಲ್ಲ. ಒಪ್ಪಿಕೊಂಡರೆ ಕಳ್ಳನೆಂಬ ದಾಖಲೆ ಜೀವಮಾನವಿಡೀ ಉಳಿಯುತ್ತದೆ, ಮುಂದೆ ಯಾವ ಊರಿನಲ್ಲಿ ಕಳವಾದರೂ ಮೊದಲು ನಿನ್ನನ್ನು ಕರೆಯುತ್ತಾರೆ ಎಂದು ವಿವರಿಸಿದೆ. ನಿರಪರಾಧಿ ಒಪ್ಪಿಕೊಂಡು ಹೊರಬರುವುದು ಮತ್ತು ನಿರಪರಾಧಿ ಹೋರಾಡುತ್ತ ಒಳಗೆ ಉಳಿಯುವುದು, ಈ ಎರಡರ ನಡುವೆ ಆರಿಸುವ ಸ್ಥಿತಿಗೆ ಜಾಮೀನು ಸಿಕ್ಕವನೊಬ್ಬ ಬಂದು ನಿಲ್ಲುವುದು ನನಗೆ ಈ ಪ್ರಕರಣದ ಅತ್ಯಂತ ಗಂಭೀರ ಸಂಗತಿಯಾಗಿ ಕಂಡಿದೆ. ದೇಶದ ಲೆಕ್ಕ ನೋಡಿದರೆ ಅವನು ಒಬ್ಬಂಟಿಯಲ್ಲ. 2022ರ ಕೊನೆಗೆ ಭಾರತದ ಕಾರಾಗೃಹಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ನೂರಕ್ಕೆ ಸುಮಾರು ಎಪ್ಪತ್ತಾರು.

ಅಣ್ಣನನ್ನು ಹುಡುಕಲು ಮೂರು ದಿನ ಹಿಡಿಯಿತು. ಹುಡುಗ ಹೇಳಿದ ಹಳ್ಳಿಯ ಗ್ರಾಮ ಪಂಚಾಯತಿಗೆ ಫೋನ್ ಮಾಡಿದೆ. ಅಲ್ಲಿನ ಸಿಬ್ಬಂದಿಯೊಬ್ಬರು ಸಂಜೆ ತಾವೇ ಮನೆಗೆ ಹೋಗಿ ಅಣ್ಣನ ಕೈಗೆ ಫೋನ್ ಕೊಟ್ಟರು. ಈ ಪ್ರಕರಣದಲ್ಲಿ ತನ್ನ ಮೇಜು ಬಿಟ್ಟು ಎದ್ದು ನಡೆದವರು ಅವರೊಬ್ಬರೇ. ತಮ್ಮ ಎರಡು ತಿಂಗಳಿಂದ ಫೋನ್ ಮಾಡದ್ದಕ್ಕೆ ಸಮುದ್ರದಲ್ಲಿ ಏನೋ ಆಗಿದೆ ಎಂದು ಮನೆಯವರು ಹೆದರಿದ್ದರು. ಅಣ್ಣನಿಗೆ ಕೂಡಲೇ ಹೊರಡಲಾಗಲಿಲ್ಲ, ಮುಂಗಾರಿನ ಬಿತ್ತನೆ ನಡೆದಿತ್ತು. ಹದ ತಪ್ಪಿದರೆ ವರ್ಷದ ಬೆಳೆ ಹೋಗುತ್ತದೆ. ಜಾಮೀನಾದ 34ನೇ ದಿನ ರಾತ್ರಿ ಬಸ್ಸಿನಲ್ಲಿ ಬಂದಿಳಿದ, ಕೈಯಲ್ಲಿ ಎರಡು ಎಕರೆ ಹೊಲದ ಪಹಣಿ ಇತ್ತು.

ಆ ಪಹಣಿ ಕೆಲಸಕ್ಕೆ ಬರಲಿಲ್ಲ. ಹೊಲ ಹೊರ ಜಿಲ್ಲೆಯದು ಎಂಬುದು ಮೊದಲ ತಕರಾರು, ಪಹಣಿ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದೆ ಎಂಬುದು ಎರಡನೆಯದು. "ಅಪ್ಪ ತೀರಿ ನಾಕ್ ವರ್ಷ ಆತ್ರಿ. ಹೆಸರು ಬದಲ್ ಮಾಡ್ಸಾಕ ಪುರಸೊತ್ತ ಆಗಲಿಲ್ರಿ" ಎಂದು ಅವನು ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ. ಪೌತಿ ಖಾತೆ ಮಾಡಿಸಿಕೊಂಡು ಬಂದರೆ ಆದೀತೆಂದು ನಾನು ಅವನನ್ನು ವಾಪಸು ಕಳಿಸಿದೆ. ಅದು ನನ್ನ ತಪ್ಪು. ಖಾತೆ ಬದಲಾವಣೆ ಅಷ್ಟು ಬೇಗ ಆಗುವ ಕೆಲಸವಲ್ಲ, ಆಗಿದ್ದರೂ ಹೊರ ಜಿಲ್ಲೆಯ ತಕರಾರು ಹಾಗೇ ಉಳಿಯುತ್ತಿತ್ತು. ಷರತ್ತನ್ನೇ ಬದಲಿಸುವಂತೆ ಕೇಳಬೇಕಾದಲ್ಲಿ ಷರತ್ತಿಗೆ ತಕ್ಕ ಕಾಗದ ಹುಡುಕುತ್ತ ಅವನ ಒಂಬತ್ತು ದಿನಗಳನ್ನು ನಾನು ಕಳೆದೆ.

ಆ ಒಂಬತ್ತು ದಿನಗಳಲ್ಲಿ ನನಗೆ ನೆನಪಾಗಬೇಕಿದ್ದದ್ದು 1978ರ ಮೋತಿರಾಮ್ ಪ್ರಕರಣ. ಮಧ್ಯಪ್ರದೇಶದ ಆ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ನೀಡಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರನನ್ನು ಕೇಳಿದರು, ಅವನ ಸಹೋದರ ಮುಂದೆ ಬಂದಾಗ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಲು ಆದೇಶಿಸಿದರು. ದೂರದ ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಬಂಧಿತನಾದ ಮಲಯಾಳಿ, ಕನ್ನಡಿಗ, ತಮಿಳ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಆ ತೀರ್ಪಿನಲ್ಲಿದೆ. ಅಲ್ಲಿ ಕನ್ನಡಿಗನ ಹೆಸರಿದೆ. ಅದು ಬಂದು ಸುಮಾರು ಅರ್ಧ ಶತಮಾನದ ಮೇಲೆ ಇಲ್ಲಿ ಕನ್ನಡಿಗನೊಬ್ಬನ ಅಣ್ಣನ ಪಹಣಿ ಕರ್ನಾಟಕದ್ದೇ ಇನ್ನೊಂದು ಜಿಲ್ಲೆಯಲ್ಲಿ ನಡೆಯಲಿಲ್ಲ.

44ನೇ ದಿನ ಷರತ್ತು ಮಾರ್ಪಾಡಿಗೆ ಅರ್ಜಿ ಹಾಕಿದೆವು. ಕೂಲಿ, ಮನೆ, ಹೊಲ, ಕುಟುಂಬ ಇವುಗಳ ವಿವರದ ಎರಡು ಪುಟದ ವರದಿಯನ್ನು ಪಂಚಾಯತಿಯ ದೃಢೀಕರಣದೊಂದಿಗೆ ಜೊತೆಗಿಟ್ಟೆವು. ಸರಕಾರಿ ಅಭಿಯೋಜಕರ ತಕರಾರಿಗಾಗಿ ಒಂದು ಸಲ, ಬೇರೆ ಕಾರಣಕ್ಕೆ ಇನ್ನೊಂದು ಸಲ ಮುಂದೂಡಿಕೆಯಾಗಿ 61ನೇ ದಿನ ಆದೇಶವಾಯಿತು. 20,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮತ್ತು ಜಾಮೀನುದಾರನ ಬದಲು 10,000 ರೂಪಾಯಿ ನಗದು ಠೇವಣಿ. ಭಾನುವಾರದ ಸಹಿಯನ್ನೂ ಜಿಲ್ಲೆ ಬಿಡಬಾರದೆಂಬ ಷರತ್ತನ್ನೂ ತೆಗೆದು, ವಿಚಾರಣೆಯ ಪ್ರತಿ ಮುದ್ದತಿಗೆ ತಪ್ಪದೆ ಹಾಜರಾಗಬೇಕೆಂದು ಬರೆದರು. ವರದಿ ಓದಿದ ನ್ಯಾಯಾಧೀಶರು ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ.

ಠೇವಣಿಗೆ ಬೇಕಾದ ಹಣಕ್ಕೂ ದಾರಿಯಿತ್ತು. ಬಡ ಕೈದಿಗಳಿಗೆ ನೆರವು ನೀಡುವ ಕೇಂದ್ರ ಸರಕಾರದ 2023ರ ಯೋಜನೆಯಲ್ಲಿ ಜಾಮೀನು ಸಿಕ್ಕಿಯೂ ಹಣವಿಲ್ಲದೆ ಉಳಿದ ವಿಚಾರಣಾಧೀನನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಾಬಂಧಿಗೆ 25,000 ರೂಪಾಯಿವರೆಗೆ ಒದಗಿಸಲು ಅವಕಾಶ ಮಾಡಲಾಯಿತು. ಜಿಲ್ಲಾ ಮಟ್ಟದ ಸಮಿತಿ ಅದನ್ನು ಮಂಜೂರು ಮಾಡಬೇಕು. ನಾವು ಅರ್ಜಿ ಕೊಟ್ಟಿದ್ದೆವು, ಸಮಿತಿಯ ಸಭೆ ಇನ್ನೂ ಕೂಡಿರಲಿಲ್ಲ. ಅಣ್ಣ ಕಾಯಲಿಲ್ಲ. ಎರಡು ಹೋತ ಮಾರಿ, ಉಳಿದದ್ದನ್ನು ಸಾಲ ಮಾಡಿ, 65ನೇ ದಿನ ಹಣ ತಂದು ಕಟ್ಟಿದ. ಮಧ್ಯಾಹ್ನದ ಮೇಲೆ ಬ್ಯಾಂಕಿನ ಚಲನ್ ಆಗಿ, ಬಿಡುಗಡೆ ಆದೇಶ ಕಾರಾಗೃಹ ತಲುಪುವಾಗ ಸಂಜೆಯ ಎಣಿಕೆ ಮುಗಿದು ಬ್ಯಾರಕಿಗೆ ಬೀಗ ಬಿದ್ದಿತ್ತು. ಆ ರಾತ್ರಿ ಅಣ್ಣ ಹೊರಗೆ ಬಸ್ ನಿಲ್ದಾಣದಲ್ಲಿ, ತಮ್ಮ ಒಳಗೆ. ಯೋಜನೆಯ ಅರ್ಜಿ 'ಕೈದಿ ಬಿಡುಗಡೆಯಾಗಿರುವುದರಿಂದ' ಎಂಬ ಟಿಪ್ಪಣಿಯೊಂದಿಗೆ ಮುಕ್ತಾಯವಾಯಿತು.

ಈಗ ಆ ಕಾರಾಗೃಹದ ಕಾನೂನು ನೆರವು ಕೊಠಡಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಜಾಮೀನಾದ ದಿನಾಂಕ, ಏಳನೆಯ ದಿನ, ಮೂವತ್ತನೆಯ ದಿನ ಎಂದು ಮೂರು ಕಾಲಮು, ಬದಿಗೆ ಎಣಿಸುವವರ ಹೆಸರು. ಅಧೀಕ್ಷಕರು ಅದಕ್ಕೆ ಸಂತೋಷದಿಂದ ಒಪ್ಪಿದರು. ಎಣಿಕೆಯನ್ನು ಒಬ್ಬ ಸಿಬ್ಬಂದಿಯ ಹೆಸರಿಗೆ ಲಿಖಿತವಾಗಿ ವಹಿಸಬೇಕೆಂಬ ನಮ್ಮ ಮನವಿಗೆ ಇನ್ನೂ ಉತ್ತರ ಬಂದಿಲ್ಲ. ಸ್ವಯಂಸೇವಕರು ಬಾರದ ವಾರ ಆ ಪುಸ್ತಕ ತೆರೆಯುವವರಿಲ್ಲ, ಆದ್ದರಿಂದ ಆ ಉತ್ತರಕ್ಕಾಗಿ ಮತ್ತೆ ಮತ್ತೆ ಕೇಳುತ್ತಿದ್ದೇವೆ.

ಪ್ರಕರಣ ಇನ್ನೂ ನಡೆಯುತ್ತಿದೆ. ಹುಡುಗ ಇದುವರೆಗಿನ ಮೂರು ಮುದ್ದತಿಗೂ ರಾತ್ರಿ ಬಸ್ಸಿನಲ್ಲಿ ಬಂದು ಹಾಜರಾಗಿದ್ದಾನೆ. ಎರಡು ಸಲ ಸಾಕ್ಷಿಗಳು ಬಾರದೆ ಅದೇ ಸಂಜೆ ಹಿಂದಿರುಗಿದ. ಪ್ರತಿ ಸಲವೂ ಎರಡು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಬಾಕಿ ಕೂಲಿಯನ್ನು ಮೇಸ್ತ್ರಿ ಕೊಟ್ಟಿಲ್ಲ, ಅದಕ್ಕೆ ಕಾರ್ಮಿಕ ಇಲಾಖೆಗೆ ಬೇರೆ ಅರ್ಜಿ ಬರೆದಿದ್ದೇವೆ. ಕಳೆದ ಮುದ್ದತಿಯ ದಿನ ಅವನು ನ್ಯಾಯಾಲಯದ ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಕವರು ತೆಗೆದು ತೋರಿಸಿದ. ಒಳಗೆ ಜಾಮೀನು ಆದೇಶದ ಪ್ರತಿ, ಠೇವಣಿಯ ರಸೀದಿ, ಆಧಾರ್ ಕಾರ್ಡು, ಜೊತೆಗೆ ಅಣ್ಣ ಪೌತಿ ಖಾತೆಗೆ ಹಾಕಿದ ಅರ್ಜಿಯ ಸ್ವೀಕೃತಿ ಚೀಟಿ ಇತ್ತು.